ಪೆನ್ನನ ಕಾನೂನು ಯಾರನ್ನು ಕಾಯಿತು?

ಹಿಂಸೆ ಉಂಡವರಿಗೆ ಬೇರೆಯವರ ನೋವು ಗೊತ್ತಾಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಅಮೆರಿಕದ ಬಾಸ್ಟನ್ ಕಡೆ ಕೈ ತೋರಿಸುತ್ತೇನೆ. ಇಂಗ್ಲೆಂಡಿನ ಚರ್ಚಿನ ಕಾಟ ತಾಳದೆ ಸಮುದ್ರ ದಾಟಿದ ಪ್ಯೂರಿಟನ್ನರೇ ಅಲ್ಲಿ 1659ರಿಂದ 1661ರೊಳಗೆ ಇನ್ನೊಂದು ಕ್ರೈಸ್ತ ಪಂಥದವರಾದ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿದರು. ಮೇರಿ ಡೈಯರ್ ಅವರಲ್ಲೊಬ್ಬಳು. ಗಡೀಪಾರು ಮಾಡಿದರೂ ತಿರುಗಿ ಬಂದದ್ದು ಅವಳ ಅಪರಾಧ.

ಆಗಿನ ಕ್ವೇಕರರು ಆಣೆ ಇಡುತ್ತಿರಲಿಲ್ಲ, ಯುದ್ಧಕ್ಕೆ ಹೋಗುತ್ತಿರಲಿಲ್ಲ, ಯಾರೆದುರೂ ಟೋಪಿ ತೆಗೆಯುತ್ತಿರಲಿಲ್ಲ. 1670ರಲ್ಲಿ ಲಂಡನ್ನಿನ ಬೀದಿಯಲ್ಲಿ ಉಪದೇಶ ಮಾಡಿದ್ದಕ್ಕೆ ಕ್ವೇಕರನಾದ ವಿಲಿಯಂ ಪೆನ್‌ನ ವಿಚಾರಣೆ ನಡೆಯಿತು. (ತಲೆಯ ಮೇಲಿಲ್ಲದ ಟೋಪಿಯನ್ನು ಕೋರ್ಟಿನವರೇ ಹಾಕಿಸಿ, ಆಮೇಲೆ ತೆಗೆಯಲಿಲ್ಲ ಅಂತ ದಂಡ ಹಾಕಿದರು!) ಅನ್ನ ನೀರು ಕೊಡದೆ ತಮ್ಮನ್ನೇ ಕೂಡಿಹಾಕಿದರೂ ಜ್ಯೂರಿಯವರು (ತೀರ್ಪು ಹೇಳಲು ಕೂತ ಸಾಮಾನ್ಯ ಜನ) ಅವನನ್ನು ತಪ್ಪಿತಸ್ಥ ಅನ್ನಲಿಲ್ಲ. ಕೊನೆಗೆ ಅವರೇ ಜೈಲಿಗೆ ಹೋದರು. ಅವರಲ್ಲಿ ಎಡ್ವರ್ಡ್ ಬುಶೆಲ್ ಮೇಲಿನ ಕೋರ್ಟಿನಲ್ಲಿ ಗೆದ್ದ. ತೀರ್ಪು ಕೊಟ್ಟಿದ್ದಕ್ಕೆ ಜ್ಯೂರಿಯನ್ನು ಶಿಕ್ಷಿಸುವಂತಿಲ್ಲ ಎಂದಾಯಿತು.

1681ರಲ್ಲಿ ಎರಡನೇ ಚಾರ್ಲ್ಸ್ ದೊರೆ ಪೆನ್‌ನ ಅಪ್ಪನಿಗೆ ಕೊಡಬೇಕಿದ್ದ ಸಾಲದ ಬಾಬ್ತು ಅಮೆರಿಕದ ಪೆನ್ಸಿಲ್ವೇನಿಯಾವನ್ನು ಮಗನಿಗೆ ಬರೆದುಕೊಟ್ಟ. ಮರುವರ್ಷವೇ ಅಲ್ಲಿ ಕಾನೂನಾಯಿತು: ಒಬ್ಬ ದೇವರನ್ನು ನಂಬುವವರನ್ನು ಧರ್ಮದ ಕಾರಣಕ್ಕೆ ಪೀಡಿಸುವಂತಿಲ್ಲ, ಯಾವ ಚರ್ಚಿಗೂ ಬಲವಂತದಿಂದ ಹೋಗಬೇಕಿಲ್ಲ, ಹಣ ಕೊಡಬೇಕಿಲ್ಲ. ಪೆನ್‌ನ ಮೇಲಿನ ನನ್ನ ಗೌರವ ಇಲ್ಲಿದೆ. ಅಧಿಕಾರ ಕೈಗೆ ಬಂದಾಗ ಅವನು ತನ್ನ ಪಂಥವನ್ನೇ ಸರ್ಕಾರಿ ಧರ್ಮ ಮಾಡಲಿಲ್ಲ. ಹಾಗಂತ ಪೂರ್ತಿ ಬಾಗಿಲು ತೆರೆದಿರಲಿಲ್ಲ. ಹುದ್ದೆಗಳು ಕ್ರೈಸ್ತರಿಗೆ ಮಾತ್ರ. ಅವನ ಬಳಿ ಗುಲಾಮರೂ ಇದ್ದರು. 1688ರಲ್ಲಿ ಅಲ್ಲಿನ ಜರ್ಮನ್‌ಟೌನಿನ ನಾಲ್ವರು ಇದು ತಪ್ಪು ಅಂತ ಬರೆದುಕೊಟ್ಟರೆ, ಕ್ವೇಕರ್ ಸಭೆಗಳು ಅದನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸಿ ಮೂಲೆಗೆ ಹಾಕಿದವು. ಸದಸ್ಯರು ಗುಲಾಮರನ್ನು ಇಟ್ಟುಕೊಳ್ಳಬಾರದು ಅಂತ ಫಿಲಡೆಲ್ಫಿಯಾದ ಸಭೆ ನಿಷೇಧಿಸಿದ್ದು 1776ರಲ್ಲಿ.

ಆ ನೆಲದ ಮೂಲನಿವಾಸಿಗಳಾದ ಲೆನಾಪೆ ಜನರ ಕಥೆ ಇನ್ನೂ ಕಹಿ. ದೊರೆ ಬರೆದುಕೊಟ್ಟಿದ್ದರೂ ಪೆನ್ ಅವರಿಂದ ನೆಲವನ್ನು ಕೊಂಡುಕೊಂಡ. ಆ ನಂಬಿಕೆ ಅವನ ಜೊತೆಗೇ ಹೋಯಿತು. 1737ರಲ್ಲಿ ಅವನ ಮಕ್ಕಳು ಹಳೇ ಪತ್ರವೊಂದನ್ನು ಹೊರತೆಗೆದರು: ಒಂದೂವರೆ ದಿನದಲ್ಲಿ ಮನುಷ್ಯ ನಡೆದಷ್ಟು ನೆಲ ನಮ್ಮದು. ಮೊದಲೇ ಕಾಡು ಕಡಿದು ದಾರಿ ಮಾಡಿ, ಜೋರಾಗಿ ನಡೆಯುವ ಮೂವರನ್ನು ಗೊತ್ತುಮಾಡಿದರು. ಲೆನಾಪೆಗಳ ಕೈ ತಪ್ಪಿದ್ದು ಸುಮಾರು 12 ಲಕ್ಷ ಎಕರೆ. ಇದರ ಹಿಂದಿದ್ದ ಅಧಿಕಾರಿ ಜೇಮ್ಸ್ ಲೋಗನ್ ಕೂಡ ಕ್ವೇಕರನೇ.

ದಡಕ್ಕೆ ಬಂದಿಳಿದವರು ಒಬ್ಬ ದೇವರನ್ನು ತಮಗೆ ತೋಚಿದಂತೆ ಪೂಜಿಸಲಿ ಎನ್ನುವುದಕ್ಕೆ ಬರಹದ ಕಾವಲಿತ್ತು. ಮೊದಲೇ ಅಲ್ಲಿದ್ದವರ ನೆಲಕ್ಕೆ ಒಬ್ಬ ಮನುಷ್ಯನ ಒಳ್ಳೆಯತನವೇ ಕಾವಲು. ಲೆನಾಪೆ ವಂಶಸ್ಥರು ಆ ನೆಲದ ಒಂದು ತುಂಡಿಗಾಗಿ ಅಮೆರಿಕದ ಕೋರ್ಟಿಗೆ ಹೋದರು. ಮೋಸವೇ ಆಗಿದ್ದರೂ ನಿಮ್ಮ ಹಕ್ಕು ಆಗಲೇ ಹೋಗಿದೆ ಅಂತ 2006ರಲ್ಲಿ ಮೇಲ್ಮನವಿ ಕೋರ್ಟು ಹೇಳಿತು.