ಅಮ್ಮನ ಸೂಟ್‌ಕೇಸಿನಲ್ಲಿದ್ದ ಗಸಗಸೆ

ಅಮ್ಮ ಮೊದಲ ಸಲ ದುಬೈಗೆ ಹೊರಡುವ ಹಿಂದಿನ ರಾತ್ರಿ ಹಾಸನದ ಮನೆಯಲ್ಲಿ ಸೂಟ್‌ಕೇಸ್ ತುಂಬುತ್ತಿದ್ದುದನ್ನು ನಾನು ಇಲ್ಲಿಂದ ಬೋಟಿಮ್ ಎಂಬ ವೀಡಿಯೊ ಕರೆಯ ಆ್ಯಪ್‌ನಲ್ಲಿ ನೋಡುತ್ತಿದ್ದೆ. (ಇಲ್ಲಿ ವಾಟ್ಸ್ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಬರುವವರು ಊರಿನಲ್ಲಿರುವಾಗಲೇ ಬೇರೆ ಆ್ಯಪ್ ಹಾಕಿಕೊಂಡು, ಮನೆಯವರ ಮೊಬೈಲಿಗೂ ಹಾಕಿಕೊಟ್ಟು ಬರುವುದು ಒಳ್ಳೆಯದು.) ಚಟ್ನಿಪುಡಿ, ಹುರಿಹಿಟ್ಟು, ಕೋಡುಬಳೆ ಒಂದೊಂದಾಗಿ ಒಳಗೆ ಸೇರಿದವು. ಕೊನೆಗೆ ಸೀರೆಯ ಮಡಿಕೆಯೊಳಗೆ ಇಡಲು ಒಂದು ಸ್ಟೀಲ್ ಡಬ್ಬಿ ತಂದಳು. ಮುಚ್ಚಳ ತೆಗೆದು ತೋರಿಸಿದಳು. ಕಾಲು ಕಿಲೋ ಗಸಗಸೆ. ಮಗನಿಗೆ ಪಾಯಸ ಮಾಡಿ ಬಡಿಸಬೇಕೆಂಬ ಆಸೆ.

ನನ್ನ ಎದೆ ಧಸಕ್ಕೆಂದಿತು. ದುಬೈ ಸೇರಿರುವ ಯುಎಇ ದೇಶದಲ್ಲಿ ಗಸಗಸೆ ನಿಷಿದ್ಧ. ಅಫೀಮಿನ ಗಿಡದ ಬೀಜ ಎಂಬ ಕಾರಣಕ್ಕೆ ಇಲ್ಲಿನ ಕಾನೂನು ಅದನ್ನು ಮಾದಕವಸ್ತುಗಳ ಸಾಲಿನಲ್ಲಿ ಇಟ್ಟಿದೆ. ಹೇಳಿದರೆ ಅಮ್ಮ ನಂಬಲಿಲ್ಲ. "ಪಾಯಸಕ್ಕೆ ತಂದದ್ದು ಎಂದರೆ ಯಾರು ಏನು ಮಾಡುತ್ತಾರೆ ಕಣೋ? ವಯಸ್ಸಾದವಳು ಎಂದು ಬಿಡುತ್ತಾರೆ."

"ಬಿಡುವುದಿಲ್ಲ ಅಮ್ಮ, ತೆಗೆದಿಡು" ಎಂದೆ. ಮೂರು ಸಲ ಹೇಳಿದ ಮೇಲೆ ತೆಗೆದಳು. ಹಿಂದೆಯೇ ವೀಳ್ಯದೆಲೆಯ ಕಟ್ಟನ್ನೂ ತೆಗೆಸಿದೆ. ದುಬೈ ಕಸ್ಟಮ್ಸ್‌ನವರ ನಿಷೇಧದ ಪಟ್ಟಿಯಲ್ಲಿ ಅದೂ ಇದೆ.

ಹದಿನಾಲ್ಕು ವರ್ಷಗಳಿಂದ ಇಲ್ಲಿದ್ದೇನೆ. ಊರಿನಿಂದ ಬರುವ ನಮ್ಮವರಿಗೆ ತೊಂದರೆ ತಂದೊಡ್ಡುವುದು ಅಮ್ಮ ಹೇಳಿದ ಆ "ಬಿಡುತ್ತಾರೆ" ಎಂಬ ಮಾತೇ ಎಂದು ನನಗೆ ಖಚಿತವಾಗಿದೆ. ನಮ್ಮಲ್ಲಿ ನಿಯಮವೆಂದರೆ ಮಾತುಕತೆಗೆ ಒಂದು ಶುರು. ಕಚೇರಿಯಲ್ಲಿ ಒಂದು ಕಾಗದ ಕಡಿಮೆಯಾದರೆ ವಿನಂತಿ ಮಾಡಿಕೊಳ್ಳುತ್ತೇವೆ, ಪರಿಚಯದವರಿಂದ ಹೇಳಿಸುತ್ತೇವೆ, ಅಷ್ಟಕ್ಕೂ ಆಗದಿದ್ದರೆ ವಶೀಲಿ ಹುಡುಕುತ್ತೇವೆ. ಇಲ್ಲಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕುಳಿತವನ ಮುಂದೆ ಕಂಪ್ಯೂಟರಿದೆ, ಅದರಲ್ಲಿ ನಿಮ್ಮ ವೀಸಾ ಮುಗಿಯುವ ದಿನಾಂಕವಿದೆ.

ನಮ್ಮ ಚಿಕ್ಕಪ್ಪ ಅದನ್ನು ಕಷ್ಟಪಟ್ಟು ಕಲಿತರು. 30 ದಿನಗಳ ಪ್ರವಾಸಿ ವೀಸಾದಲ್ಲಿ ಬಂದಿದ್ದರು. "ಅವಧಿ ಮುಗಿದ ಮೇಲೂ ಹತ್ತು ದಿನ ವಿನಾಯಿತಿ ಇರುತ್ತದೆ, ಯೋಚನೆ ಬೇಡ" ಎಂದು ಊರಿನ ಏಜೆಂಟ್ ಹೇಳಿ ಕಳುಹಿಸಿದ್ದ. ಆ ವಿನಾಯಿತಿ ಹಿಂದೆ ಇದ್ದದ್ದು ನಿಜ, 2023ರಲ್ಲಿ ಅದು ರದ್ದಾಯಿತು. ಚಿಕ್ಕಪ್ಪ ಬಂದದ್ದು ಅದರ ಮುಂದಿನ ವರ್ಷ. ಹೊರಡುವ ದಿನ ಆರು ದಿನ ಮೀರಿತ್ತು. ದಿನಕ್ಕೆ 50 ದಿರ್ಹಮ್‌ನಂತೆ 300 ದಿರ್ಹಮ್ ದಂಡ, ಮೇಲೆ ಬೇರೆ ಶುಲ್ಕ. ಅವರು ಕೈಮುಗಿದರು, ತಮ್ಮ ಸಕ್ಕರೆ ಕಾಯಿಲೆಯ ವಿಷಯ ಹೇಳಿದರು. ಅಧಿಕಾರಿ ಎದ್ದು ಬಂದು ಕುರ್ಚಿ ಕೊಟ್ಟ, ಕುಡಿಯಲು ನೀರು ಕೊಟ್ಟ. ದಂಡದಲ್ಲಿ ಒಂದು ದಿರ್ಹಮ್ ಕೂಡ ಇಳಿಯಲಿಲ್ಲ.

ವೀಸಾದ ಹಾಳೆಯಲ್ಲಿ ಎರಡು ಲೆಕ್ಕಗಳಿರುತ್ತವೆ. ಒಂದು, ಎಂದಿನೊಳಗೆ ದೇಶ ಪ್ರವೇಶಿಸಬೇಕು ಎಂಬುದು. ಇನ್ನೊಂದು, ಪ್ರವೇಶಿಸಿದ ಮೇಲೆ ಎಷ್ಟು ದಿನ ಇರಬಹುದು ಎಂಬುದು. ಇವೆರಡನ್ನೂ ಒಂದೇ ಎಂದುಕೊಂಡವರನ್ನು ನಾನು ಬಹಳ ಮಂದಿಯನ್ನು ಕಂಡಿದ್ದೇನೆ. ಏಜೆಂಟ್ ಹೇಳಿದ್ದನ್ನು ನಂಬುವ ಬದಲು ವೀಸಾವನ್ನು ನೀವೇ ಓದಿ, ಇಲ್ಲಿನ ವಲಸೆ ಇಲಾಖೆಯ ಜಾಲತಾಣದಲ್ಲಿ ಪರೀಕ್ಷಿಸಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯುಷ್ಯವಿರಲಿ. ಹಿಂದಿರುಗುವ ಟಿಕೆಟ್ ಮತ್ತು ಉಳಿದುಕೊಳ್ಳುವ ವಿಳಾಸದ ಪ್ರತಿ ಕೈಯಲ್ಲಿರಲಿ.

ಔಷಧದ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್, ಟ್ರಮಡಾಲ್ ಇರುವ ನೋವಿನ ಮಾತ್ರೆ ನಮ್ಮ ಮನೆಗಳ ಔಷಧದ ಡಬ್ಬಿಯಲ್ಲಿ ಸಾಮಾನ್ಯ. ಇಲ್ಲಿ ಅವು ನಿಯಂತ್ರಿತ ಔಷಧಗಳು. ತರಲೇಬೇಕಾದರೆ ಇಲ್ಲಿನ ಸರ್ಕಾರದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಪಡೆಯಬೇಕು. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳಿಗೂ ವೈದ್ಯರ ಚೀಟಿ ಜೊತೆಗಿರಲಿ. ಮೆಟ್ರೊದಲ್ಲಿ ಚಕ್ಕುಲಿ ತಿಂದರೂ 100 ದಿರ್ಹಮ್ ದಂಡ. ರಸ್ತೆಯನ್ನು ಸಿಕ್ಕಲ್ಲಿ ದಾಟುವಂತಿಲ್ಲ, ಗುರುತಿಲ್ಲದವರ ಫೋಟೋ ಕೇಳದೆ ತೆಗೆಯುವಂತಿಲ್ಲ.

ಇವುಗಳಲ್ಲಿ ಕೆಲವು ದಂಡದಲ್ಲಿ ಮುಗಿಯುತ್ತವೆ. ನನ್ನನ್ನು ನಿಜವಾಗಿ ನೋಯಿಸುವುದು ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆಂದು ಬರುವ ನಮ್ಮ ಹುಡುಗರು. ದುಬೈನ ದೇರಾ ಬಡಾವಣೆಯ ಒಂದು ಬೆಡ್‌ಸ್ಪೇಸ್‌ನಲ್ಲಿ, ಅಂದರೆ ಮಲಗುವ ಜಾಗವನ್ನಷ್ಟೇ ಬಾಡಿಗೆಗೆ ಕೊಡುವ ಕಡೆ, ನಮ್ಮ ಕಡೆಯ ಒಬ್ಬನನ್ನು ಕಂಡೆ. ಒಂದೇ ಕೋಣೆಯಲ್ಲಿ ಎಂಟು ಜನ. ಅವನ ತಲೆದಿಂಬಿನ ಕೆಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಪಾಸ್‌ಪೋರ್ಟ್, ವೀಸಾ ಮುಗಿಯಲು ನಾಲ್ಕು ದಿನ. "ಅಲ್ಲಿ ಹೋದ ಮೇಲೆ ಬದಲಾಯಿಸಿಕೊಡುತ್ತಾರೆ ಎಂದಿದ್ದರು ಅಣ್ಣ" ಎಂದ. ಅವನ ಅಪ್ಪ ಜಮೀನು ಅಡವಿಟ್ಟಿದ್ದರು. ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವುದು ಇಲ್ಲಿ ಅಪರಾಧ. ಹಾಗೆ ಕೆಲಸಕ್ಕಿಟ್ಟುಕೊಳ್ಳುವ ಮಾಲೀಕರಿಗೆ 2024ರ ತಿದ್ದುಪಡಿಯಂತೆ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಮಗನನ್ನು ಕಳುಹಿಸುವ ಮೊದಲು ಉದ್ಯೋಗ ವೀಸಾ ಎಲ್ಲಿ ಎಂದು ಕೇಳಿ, ಕಣ್ಣಾರೆ ನೋಡಿ.

ಇಲ್ಲಿನ ಪದ್ಧತಿಯೇ ಮೇಲು ಎಂದು ನಾನು ಹೇಳುತ್ತಿಲ್ಲ. ಹಾಸನದಲ್ಲಿ ಅಮ್ಮ ಬ್ಯಾಂಕಿಗೆ ಹೋದರೆ ಗುಮಾಸ್ತರೇ ಚಲನ್ ತುಂಬಿಕೊಡುತ್ತಾರೆ. ಆ ಮಮತೆಯ ಮುಂದೆ ಈ ಅಚ್ಚುಕಟ್ಟು ಒಮ್ಮೊಮ್ಮೆ ತಣ್ಣಗೆ ಅನಿಸುತ್ತದೆ. ಆದರೆ ನನ್ನ ವೀಸಾ ನವೀಕರಣಕ್ಕೆ ಈ ಹದಿನಾಲ್ಕು ವರ್ಷಗಳಲ್ಲಿ ಒಬ್ಬರ ಮನೆ ಬಾಗಿಲಿಗೂ ಹೋಗಬೇಕಾಗಿ ಬಂದಿಲ್ಲ, ಒಬ್ಬರಿಗೂ ಕೈ ಬಿಸಿ ಮಾಡಬೇಕಾಗಿ ಬಂದಿಲ್ಲ.

ಡಿಸೆಂಬರಿನಲ್ಲಿ ಅಮ್ಮ ಮತ್ತೆ ಬರುತ್ತಿದ್ದಾಳೆ. ವೀಸಾದ ಪ್ರತಿಯನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಕೊಡಲು ತಂಗಿಗೆ ಹೇಳಿದ್ದೆ. ಹಿಂದಿರುಗುವ ದಿನಕ್ಕೆ ಅಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದ್ದಾಳಂತೆ. ಈ ಸಲ ಶ್ಯಾವಿಗೆ ಪಾಯಸ ಮಾಡುತ್ತೇನೆ ಎಂದಿದ್ದಾಳೆ.