ಅವರೆಕಾಳಿನ ಅವಧಾನ

ಕುತ್ತಿಗೆಯ ಎಡಗಡೆ ಎದ್ದಿದ್ದ ಗಂಟನ್ನು ವೈದ್ಯರು ಒತ್ತಿ ನೋಡಿ, "ಅವರೆಕಾಳಿನಷ್ಟಿದೆ, ಅಷ್ಟೇ" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಆಮೇಲೆ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿ, ವರದಿ ಸೋಮವಾರ ಎಂದರು. ಅಂದು ಶುಕ್ರವಾರ. ನಡುವಿನ ಎರಡು ದಿನ ಏನು ಮಾಡಬೇಕೆಂದು ಚೀಟಿಯಲ್ಲಿ ಬರೆದಿರಲಿಲ್ಲ.

ಶನಿವಾರ ಬೆಳಗ್ಗೆ ನಾನು ಪತ್ರಿಕೆಯ ಒಂದೇ ಪುಟವನ್ನು ನಾಲ್ಕನೆಯ ಸಲ ಓದುತ್ತಿದ್ದುದನ್ನು ಸೋದರತ್ತೆ ನೋಡಿರಬೇಕು. ರಾತ್ರಿ ನೆನೆಹಾಕಿದ್ದ ಕಾಳಿನ ಪಾತ್ರೆಯನ್ನು ತಂದು ಮುಂದಿಟ್ಟರು. "ಸುಮ್ಮನೆ ಕೂತು ಯೋಚನೆ ಮಾಡಬೇಡ ಕಣೋ, ಇದನ್ನು ಹಿದುಕು."

ಇಣುಕಿ ನೋಡಿದೆ. ಅವರೆಕಾಳು.

ಪಾಪ, ವೈದ್ಯರ ಹೋಲಿಕೆ ಅತ್ತೆಗೆ ಗೊತ್ತಿರಲಿಲ್ಲ. ಧನುರ್ಮಾಸ, ಇಬ್ಬನಿ ಬಿದ್ದಷ್ಟೂ ಅವರೆಗೆ ಸೊಗಡು ಹೆಚ್ಚು ಎಂಬುದಷ್ಟೇ ಅವರ ಲೆಕ್ಕ. ಹಿದುಕಿದ ಬೇಳೆಯ ಸಾರಿಗೆ ಜನ ಸಾಲುಗಟ್ಟುತ್ತಾರೆ, ಬೆಂಗಳೂರಿನಲ್ಲಿ ಅವರೆಗೆಂದೇ ಮೇಳ ನಡೆಯುತ್ತದೆ. ಆದರೆ ಹಿದುಕುವುದಕ್ಕೆ ಮಾತ್ರ ಯಾರೂ ಸಾಲು ನಿಲ್ಲುವುದಿಲ್ಲ. ಈಗ ಬೇಳೆಯೇ ಪೊಟ್ಟಣದಲ್ಲಿ ಸಿಗುತ್ತದಲ್ಲ ಎಂದರೆ ಅತ್ತೆಗೆ ಕೋಪ. ಅದಕ್ಕೆ ಕೈಯ ರುಚಿ ಇಲ್ಲವಂತೆ.

ಕೆಲಸ ಸುಲಭದ್ದು. ನೆನೆದು ಉಬ್ಬಿದ ಕಾಳನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪಿಚಕ್ಕನೆ ಹೊರಗೆ ಬೀಳುತ್ತದೆ. ಜೋರಾಗಿ ಒತ್ತಿದರೆ ಹಾರಿ ಸೋಫಾದ ಕೆಳಗೆ ಹೋಗುತ್ತದೆ. ಮೆಲ್ಲಗೆ ಒತ್ತಿದರೆ ಜಾರುತ್ತದೆಯೇ ಹೊರತು ಬಿಚ್ಚುವುದಿಲ್ಲ. ಎಳೆಯದಕ್ಕೆ ಒಂದು ಹದ, ಬಲಿತದ್ದಕ್ಕೆ ಇನ್ನೊಂದು. ಹಿಂದಿನ ಕಾಳಿನಿಂದ ಕಲಿತ ವಿದ್ಯೆ ಮುಂದಿನ ಕಾಳಿಗೆ ಸಲ್ಲುವುದಿಲ್ಲ.

ಮೊದಲ ಹತ್ತು ಕಾಳು ಹಿದುಕುವಷ್ಟರಲ್ಲಿ ನನ್ನ ತಲೆ ಮನೆಯ ಸಾಲ, ಮಗಳ ಓದು, ನನ್ನ ಫೋಟೋಗೆ ಯಾವ ಹಾರ ಚೆನ್ನ ಎಂಬವರೆಗೆ ಹೋಗಿ ಬಂದಿತ್ತು. ಆಗ ನೆನಪಾದದ್ದು ಅಷ್ಟಾವಧಾನ. ಪ್ರಶ್ನೆ ಕೇಳುವ ಎಂಟು ಪೃಚ್ಛಕರ ನಡುವೆ ಅವಧಾನಿ ಕುಳಿತಿರುತ್ತಾರೆ. ಒಬ್ಬರು ಸಮಸ್ಯೆ ಒಡ್ಡುತ್ತಾರೆ, ಒಬ್ಬರು ಇಂಥ ಅಕ್ಷರ ಕೂಡದು ಎಂದು ಅಡ್ಡಗಟ್ಟುತ್ತಾರೆ. ಅವಧಾನಿ ಒಂದೊಂದು ಸುತ್ತಿಗೆ ಒಂದೊಂದು ಸಾಲಿನಂತೆ ಪದ್ಯ ಕಟ್ಟುತ್ತಾ ಹೋಗಬೇಕು. ಇದರ ನಡುವೆ ಅಪ್ರಸ್ತುತ ಪ್ರಸಂಗಿ ಎಂಬೊಬ್ಬರು ಬೇಕಾದಾಗಲೆಲ್ಲ ಬಾಯಿ ಹಾಕಿ ಸಂಬಂಧವಿಲ್ಲದ್ದನ್ನು ಕೇಳುತ್ತಾರೆ. ಗಮನ ಕೆಡಿಸುವುದೇ ಅವರ ಉದ್ಯೋಗ. ನನಗೆ ಇಷ್ಟವಾಗುವ ಸಂಗತಿಯೆಂದರೆ, ಅವರನ್ನು ಯಾವ ಅವಧಾನಿಯೂ ವೇದಿಕೆಯಿಂದ ಇಳಿಸುವುದಿಲ್ಲ. ನಕ್ಕು, ಒಂದು ಉತ್ತರ ಕೊಟ್ಟು, ಬಿಟ್ಟ ಸಾಲಿಗೆ ಮರಳುತ್ತಾರೆ.

ನಾನೂ ಹಾಗೇ ಮಾಡಿ ನೋಡಿದೆ. "ಕೆಟ್ಟದ್ದೇ ಬಂದರೆ?" ಎಂದು ಒಳಗಿನ ಪ್ರಸಂಗಿ ಕೇಳಿದರೆ, "ಬಂದರೆ ಸೋಮವಾರ ಬರುತ್ತದೆ ಸ್ವಾಮಿ" ಎಂದು ಮುಂದಿನ ಕಾಳಿಗೆ ಕೈ ಹಾಕುವುದು. ಎರಡು ನಿಮಿಷಕ್ಕೆ ಮತ್ತೆ ಹಾಜರು. ಮತ್ತೆ ಉತ್ತರ, ಮತ್ತೆ ಕಾಳು. ಓಡಿಸಲು ಹೋದಾಗಲೆಲ್ಲ ಆಸಾಮಿ ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಕುಳಿತದ್ದೂ ಉಂಟು.

ಇಂಥದ್ದಕ್ಕೆ ಈಗ ಮೈಂಡ್‌ಫುಲ್‌ನೆಸ್ ಎನ್ನುತ್ತಾರೆ. ಅಮೆರಿಕದಲ್ಲಿ ಜಾನ್ ಕಬಾಟ್-ಝಿನ್ ಎಂಬವರು 1979ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ರೋಗಿಗಳಿಗೆಂದು ಇದನ್ನು ಎಂಟು ವಾರಗಳ ತರಬೇತಿಯಾಗಿ ರೂಪಿಸಿದರು. ಅದರಲ್ಲಿ ಒಂದು ಪಾಠ ಒಣದ್ರಾಕ್ಷಿಯದು. ಒಂದೇ ಒಂದು ದ್ರಾಕ್ಷಿಯನ್ನು ಹೊಸದಾಗಿ ಕಂಡವರಂತೆ ನೋಡಿ, ಮುಟ್ಟಿ, ಮೂಸಿ, ಮೆಲ್ಲಗೆ ಜಗಿಯಬೇಕು. ಪಾಯಸದಲ್ಲಿ ಯಾರ ಲೋಟಕ್ಕೆ ಎಷ್ಟು ದ್ರಾಕ್ಷಿ ಎಂದು ಜಗಳವಾಡಿ ಬೆಳೆದ ನಮಗೆ ಒಂದೇ ದ್ರಾಕ್ಷಿಯ ಧ್ಯಾನ ಹತ್ತುವುದು ಕಷ್ಟ. ಆದರೆ ಹೆಸರಿಗಾಗಿ ಅಷ್ಟು ದೂರ ಹೋಗಬೇಕಿರಲಿಲ್ಲ. ಅವಧಾನ ಎಂದರೆ ಗಮನ. ಗಮನವಿಟ್ಟು ಮಾಡುವುದು ಸಾವಧಾನ. ನಾವು ಅದನ್ನು ಬಳಸಿ ಬಳಸಿ 'ನಿಧಾನ' ಎಂಬ ಅರ್ಥಕ್ಕೆ ಇಳಿಸಿದ್ದೇವೆ. ಗಮನವಿಟ್ಟು ಮಾಡುವವನು ನಿಧಾನವಾಗಿಯೇ ಮಾಡುತ್ತಾನೆಂದು ಯಾರೋ ಕಂಡುಕೊಂಡಿದ್ದರೋ ಏನೋ.

ಗಂಟೆ ಹನ್ನೊಂದಾಗುವಷ್ಟರಲ್ಲಿ ಬೆರಳ ತುದಿ ಸುಕ್ಕುಗಟ್ಟಿತ್ತು, ಉಗುರಿನೊಳಗೆ ಸೊಗಡು ಇಳಿದಿತ್ತು. ಹಾಲಿನವನ ಸೈಕಲ್ಲು, ಪಕ್ಕದ ಮನೆಯ ಒಗ್ಗರಣೆ ಎಲ್ಲವೂ ಕಿವಿಗೆ ಬೀಳತೊಡಗಿದ್ದವು. ಭಯ ಹೋಗಿರಲಿಲ್ಲ. ಅದೂ ಪಕ್ಕದಲ್ಲಿ ಕುಳಿತು ಕಾಳು ಹಿದುಕುತ್ತಿತ್ತು, ಅಷ್ಟೇ. (ಸೋಮವಾರದ ವರದಿಯಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಅದರ ಕೀರ್ತಿ ಅವರೆಗೆ ಸಲ್ಲುವುದಿಲ್ಲ. ನಾನು ಹಿದುಕಿದ್ದು ಗಂಟಿಗೆ ಗೊತ್ತೇ ಇಲ್ಲ.)

ಮಹಾ ಸಾಧನೆ ಮಾಡಿದವನಂತೆ ಅತ್ತೆಯನ್ನು ಕರೆದೆ. ಅವರು ಬೇಳೆಯ ಪಾತ್ರೆಯನ್ನು ಮುಟ್ಟಲೇ ಇಲ್ಲ, ಸಿಪ್ಪೆಯ ಪಾತ್ರೆಗೆ ಕೈಯಿಟ್ಟು ಕೆದಕಿದರು. ಒಂದೊಂದಾಗಿ ಹದಿನೇಳು ಬೇಳೆ ಸಿಕ್ಕವು. ಇದು ಸಾಲದ್ದು, ಇದು ಮಗಳ ಓದಿನದು, ಆ ಮೂರು ಫೋಟೋ ಹಾರದವು ಎಂದು ನಾನು ಗುರುತು ಹಿಡಿಯುತ್ತಿದ್ದೆ.

ಅತ್ತೆ ಏನನ್ನೂ ಕೇಳಲಿಲ್ಲ. ಬೇಳೆಗಳನ್ನು ಅಂಗೈಯಲ್ಲಿ ಒಟ್ಟುಮಾಡಿಕೊಂಡು ಎದ್ದರು. "ನಾಳೆ ಭಾನುವಾರ ಅಲ್ಲವೇ? ಇನ್ನೂ ಒಂದು ಸೇರು ನೆನೆಹಾಕುತ್ತೇನೆ" ಎಂದರು.