ಮಾರಾಟ ಹೆಚ್ಚಿಸಿಕೊಳ್ಳಿ, ಕುಂದಾ ತಿನ್ನಿ

ಹೋದ ತಿಂಗಳು ಬೆಳಗಾವಿಯ ಒಂದು ಹೋಟೆಲಿನ ಎಸಿ ಹಾಲ್‌ನಲ್ಲಿ ನಮಗೆಲ್ಲ ಮಾರಾಟ ಹೆಚ್ಚಿಸುವುದನ್ನು ಕಲಿಸಿದರು. ಉದ್ಯಮಬಾಗ್, ಮಚ್ಛೆ ಕಡೆಯ ಸಣ್ಣ ಕಾರ್ಖಾನೆಯವರು, ಉಗುರು ಸಂದಿಯ ಎರಕದ ಅಚ್ಚಿನ ಮರಳಿನ ಸಮೇತ ಹೋಗಿದ್ದೆವು. ಬಾಗಿಲಲ್ಲೇ ಚೀಲ ಕೊಟ್ಟರು. ಒಳಗೆ ಪೆನ್ನು, ನೋಟ್‌ಬುಕ್ಕು, ಕಾಲು ಕಿಲೋ ಕುಂದಾ. ದೀಪ ಹಚ್ಚಿ, ಶಾಲು ಹೊದಿಸಿ ಮುಗಿಯುವಷ್ಟರಲ್ಲಿ ಹನ್ನೆರಡೂವರೆ.

ಆಮೇಲೆ ಬೆಂಗಳೂರಿನ ಸಾಹೇಬರು ಕೇಳಿದರು, "ನಿಮ್ಮ ಬ್ರ್ಯಾಂಡ್ ಸ್ಟೋರಿ ಏನು?"

ನಾನು ಮಾಡುವುದು ಪಂಪಿನ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಕಬ್ಬಿಣದ ಭಾಗ. ಅದು ಬೇರೆಯವರ ಹೆಸರು ಬಳಿಸಿಕೊಂಡು ಯಾರದೋ ಬಾವಿಗೆ ಇಳಿಯುತ್ತದೆ. ಸ್ಟೋರಿ ಅಷ್ಟೇ. "ರೀಲ್ಸ್ ಮಾಡಿ" ಅಂದರು.

ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಸರ್, ಮಾಲು ಹೋಗ್ತದರೀ. ರೊಕ್ಕ ಬರೂದಿಲ್ಲ."

ಅವತ್ತು ಯಾರೂ ಹೇಳದೆ ಬಿದ್ದ ಚಪ್ಪಾಳೆ ಅದೊಂದೇ. "ಅದು ಮೈಂಡ್‌ಸೆಟ್ ವಿಷಯ, ಊಟ ಆದ ಮೇಲೆ ನೋಡೋಣ" ಅಂದರು ಸಾಹೇಬರು. ಊಟ ಆದ ಮೇಲೆ ಗ್ರೂಪ್ ಫೋಟೋ ಇತ್ತು.

ಕಾನೂನು ಇಲ್ಲ ಅಂತಲ್ಲ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆ ಪ್ರಕಾರ ನಮಗೆ ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಇದು ಅತಿಸಣ್ಣ, ಸಣ್ಣ ಘಟಕಗಳಿಗೆ ಮಾತ್ರ. ಅಂದರೆ ಮಾರಾಟ ಜಾಸ್ತಿಯಾಗಿ ಮಧ್ಯಮಕ್ಕೆ ಬಡ್ತಿ ಸಿಕ್ಕರೆ ಇವತ್ತಲ್ಲ ನಾಳೆ ಈ ಭಾಗ್ಯವೂ ಹೋಯಿತು! ದೂರು ಕೊಡಲು 2017ರಿಂದ 'ಸಮಾಧಾನ್' ಪೋರ್ಟಲ್ ಇದೆ. ದೂರು ಕೊಟ್ಟರೆ ಮುಂದಿನ ಪಿಒ (ಖರೀದಿ ಆರ್ಡರ್) ಪಕ್ಕದ ಶೆಡ್ಡಿಗೆ ಹೋಗುತ್ತದೆ. ಹಾಗಾಗಿ ನಾವೇ ಸಮಾಧಾನ ಮಾಡಿಕೊಂಡು ಸುಮ್ನಿರುತ್ತೇವೆ.

ಸ್ಕ್ರ್ಯಾಪಿನವನಿಗೆ ಕೈಮೇಲೆ ರೊಕ್ಕ ಬೇಕು. ಕರೆಂಟ್ ಬಿಲ್ಲಿಗೆ ತಾರೀಕು ಇದೆ. ಶನಿವಾರ ಪಗಾರ. ನನ್ನ ಪಾರ್ಟಿ, ಅಂದರೆ ಮಾಲು ಕೊಳ್ಳುವ ಪಂಪಿನ ಕಂಪನಿ, ಮಾತ್ರ ನಾಲ್ಕು ತಿಂಗಳಿಗೆ ಕಣ್ಣು ಬಿಡುತ್ತದೆ. ಫೋನ್ ಮಾಡಿದರೆ "ಅಕೌಂಟ್ಸ್ ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ". ಇನ್ನು ಮಾರಾಟ ಇಮ್ಮಡಿಯಾದರೆ ಇಮ್ಮಡಿಯಾಗುವುದು ಬ್ಯಾಂಕಿನಲ್ಲಿರುವ ನನ್ನ ಓವರ್‌ಡ್ರಾಫ್ಟ್ ಸಾಲ, ಅಲ್ವಾ?

ಆದರೂ ಕುಂದಾದ ಋಣ. ರೀಲ್ ಮಾಡಿದೆ. ಕೆಂಪಗೆ ಕರಗಿದ ಕಬ್ಬಿಣ ಅಚ್ಚಿಗೆ ಸುರಿಯುವುದು, ಹಿಂದೆ ಡೊಳ್ಳಿನ ಸದ್ದು. ಬಂದಿದ್ದು ಒಂದೇ ಫೋನು, ಗೋಕಾಕಿನ ಅಕ್ಕ ಒಬ್ಬರದು. "ಅಣ್ಣಾರ, ದೋಸಿ ಹಂಚು ಎರಕ ಹೊಯ್ದು ಕೊಡ್ತೀರೇನ್ರೀ?" ರೇಟು ಹೇಳಿ ಫೋನ್ ಇಡುವಷ್ಟರಲ್ಲಿ ಪೂರ್ತಿ ರೊಕ್ಕ ಜಮಾ.

ಈಗ ಹುಡುಗರು ಹಂಚಿನ ಪ್ಯಾಟರ್ನ್ ಕೆತ್ತುತ್ತಿದ್ದಾರೆ. ಪಂಪಿನ ಪಾರ್ಟಿಯ ಫೋನ್ ಬಂದರೆ, ಮಾಲಕರು ಮೀಟಿಂಗ್‌ನಲ್ಲಿದ್ದಾರೆ ಅನ್ನಲು ಹೇಳಿದ್ದೇನೆ.